ಕಿಟ್ ಕಾರ್ ಕಂಪನಿಯ ಯಜಮಾನರಿಗೆ: 14 ಈಮೇಲ್ ಆದಮೇಲೆ ಒಂದು ಕನ್ನಡ ಪತ್ರ

ಮಾನ್ಯರೇ,

ನಿಮಗೆ ಇಂಗ್ಲಿಷಿನಲ್ಲಿ 14 ಈಮೇಲ್ ಬರೆದೆ. ಮೂರಕ್ಕೆ ಉತ್ತರ ಬಂತು. ಹೇಗಿದ್ದರೂ ಓದುವುದಿಲ್ಲ ಅಂದಮೇಲೆ ಯಾವ ಭಾಷೆಯಾದರೇನು ಅಂತ ಈ ಸಲ ಕನ್ನಡದಲ್ಲೇ ಬರೆಯುತ್ತಿದ್ದೇನೆ. ನೀವು ಓದದಿದ್ದರೂ ನಮ್ಮವರು ಓದುತ್ತಾರೆ. ಇಲ್ಲಿ ಇಂಗ್ಲೆಂಡಿನ ಕವೆಂಟ್ರಿ, ಬರ್ಮಿಂಗ್‌ಹ್ಯಾಮ್ ಸುತ್ತಮುತ್ತ ಕಾರಿನ ಕಂಪನಿಗಳಲ್ಲಿ ಕೆಲಸ ಮಾಡುವ ಕನ್ನಡದ ಹುಡುಗರು ಇದ್ದಾರೆ. ದಿನವಿಡೀ ಕಂಪ್ಯೂಟರಿನಲ್ಲಿ ಬಾಗಿಲಿನ ಹಿಂಜ್ ತಿರುಗಿಸಿ ತಿರುಗಿಸಿ ನೋಡುವವರು. ಕೈಗೆ ಗ್ರೀಸ್ ಅಂಟಿಸಿಕೊಂಡು ಎಷ್ಟೋ ವರ್ಷ ಆಗಿರುತ್ತೆ. ನಿಮ್ಮ ಮುಂದಿನ ಗಿರಾಕಿ ಅವರಲ್ಲೇ ಒಬ್ಬ ಆಗಬಹುದು.

ನಿಮ್ಮ ಕಂಪನಿಯ ಹೆಸರು ಬರೆಯುವುದಿಲ್ಲ. ಊರಿನ ಹೆಸರನ್ನೂ ಬರೆಯುವುದಿಲ್ಲ. ನಿಮಗೆ ಗೊತ್ತು, ನನಗೆ ಗೊತ್ತು, ಅಷ್ಟು ಸಾಕು.

ಓದುವವರಿಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಕಿಟ್ ಕಾರ್ ಅಂದರೆ ಬಿಡಿಬಿಡಿಯಾಗಿ ಕೊಂಡು ಮನೆಯಲ್ಲಿ ಜೋಡಿಸಿಕೊಳ್ಳುವ ಕಾರು. ಕಂಪನಿ ಚಾಸಿ ಕೊಡುತ್ತೆ, ಫೈಬರ್ ಬಾಡಿ ಕೊಡುತ್ತೆ. ಎಂಜಿನ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಎಲ್ಲ ಒಂದು ಹಳೆ ಕಾರಿನಿಂದ ಬಿಚ್ಚಿಕೊಳ್ಳಬೇಕು. ಆ ಹಳೆ ಕಾರಿಗೆ ಇಲ್ಲಿ ಡೋನರ್ ಅನ್ನುತ್ತಾರೆ, ಕಿಡ್ನಿ ಕೊಟ್ಟವರಿಗೆ ಅಂದ ಹಾಗೆ. ಇಂಗ್ಲೆಂಡಿನಲ್ಲಿ ಈ ಹುಚ್ಚು ಬೆಳೆದಿದ್ದು ತೆರಿಗೆ ದೆಸೆಯಿಂದ. ಪೂರ್ತಿ ಕಾರು ಕೊಂಡರೆ ಪರ್ಚೇಸ್ ಟ್ಯಾಕ್ಸ್, ಕಿಟ್ ಕೊಂಡರೆ ಇಲ್ಲ. ಲೋಟಸ್ ಕಾರ್ ಕಂಪನಿಯ ಕಾಲಿನ್ ಚಾಪ್‌ಮನ್ 1957ರಲ್ಲಿ ತಂದ ಲೋಟಸ್ ಸೆವೆನ್ ಈ ದಾರಿಯಲ್ಲೇ ಬಡ ರೇಸಿಂಗ್ ಹುಡುಗರ ಕೈಗೆ ಬಂತು. ಕಿಟ್ ಜೊತೆ ಜೋಡಿಸುವ ವಿಧಾನ ಬರೆದುಕೊಟ್ಟರೆ ತೆರಿಗೆ ಬೀಳುತ್ತೆ ಅಂತ ಬಿಚ್ಚುವ ವಿಧಾನ ಬರೆದುಕೊಡುತ್ತಿದ್ದರಂತೆ, ಅದನ್ನು ಕೆಳಗಿನಿಂದ ಮೇಲಕ್ಕೆ ಓದಿಕೊಳ್ಳಬೇಕಿತ್ತಂತೆ. ಹಳಬರು ಹೇಳುವ ಕತೆ, ಎಷ್ಟು ನಿಜವೋ. 1973ರಲ್ಲಿ ವ್ಯಾಟ್ ಬಂದು ಆ ಲಾಭ ಹೋಯಿತು. ಅದೇ ವರ್ಷ ಲೋಟಸ್‌ನವರು ಸೆವೆನ್ ಅನ್ನು ಕೇಟರಹ್ಯಾಮ್ ಅನ್ನುವ ಇನ್ನೊಂದು ಕಂಪನಿಗೆ ಬಿಟ್ಟುಕೊಟ್ಟರು. ತೆರಿಗೆಯ ನೆಪ ಹೋದರೂ ಹುಚ್ಚು ಉಳಿಯಿತು.

ನಮ್ಮಲ್ಲಿ ಇದು ಆಗುವ ಮಾತಲ್ಲ. ಕಂಪನಿ ಕೊಟ್ಟ ಕಾರಿನ ಮೂಲ ವಿನ್ಯಾಸವನ್ನೇ ಬದಲಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಆದರೆ ಬರೀ ಚಾಸಿ ನೋಡಿ ಮೇಲೆ ಕೂರಲಿರುವ ಗಾಡಿಯನ್ನು ಕಲ್ಪಿಸಿಕೊಳ್ಳೋದು ನನಗೆ ಹೊಸದಲ್ಲ. ನಾನು ಹರಿಹರದವನು. ಹೈವೇಯಲ್ಲಿ ಲಾರಿಯ ಬೆತ್ತಲೆ ಚಾಸಿಗಳು ಸಾಲಾಗಿ ಹೋಗುತ್ತಿದ್ದವು. ಕ್ಯಾಬಿನ್ ಇಲ್ಲ, ಬಾಗಿಲಿಲ್ಲ, ಒಂದು ಹಲಗೆ ಸೀಟು. ಡ್ರೈವರ್ ತಲೆಗೆ ಟವೆಲ್ ಸುತ್ತಿಕೊಂಡು, ಕಣ್ಣಿಗೆ ಕನ್ನಡಕ ಹಾಕಿಕೊಂಡು ಬಾಡಿ ಕಟ್ಟುವವರ ಹತ್ತಿರ ಓಡಿಸಿಕೊಂಡು ಹೋಗುತ್ತಿದ್ದ. ಸ್ಕೂಲು ಬಿಟ್ಟು ಬರುವಾಗ ನಿಂತು ನೋಡುತ್ತಿದ್ದೆ. ಎರಡು ವರ್ಷದ ಹಿಂದೆ ಮೇ ತಿಂಗಳಲ್ಲಿ ಸ್ಟೋನ್‌ಲಿಯ ಕಿಟ್ ಕಾರ್ ಮೇಳದಲ್ಲಿ ನಿಮ್ಮ ಸ್ಟಾಲಿನ ಮುಂದೆ ನಿಂತಾಗ ಅದೇ ಹುಡುಗ ಎದ್ದು ಕೂತ.

ನಿಮ್ಮ ಬಗ್ಗೆ ಒಳ್ಳೆಯದನ್ನೂ ಹೇಳಬೇಕು. ಜೂನ್‌ನಲ್ಲಿ ನಿಮ್ಮ ಶೆಡ್ಡಿಗೆ ಬಂದೆ. ಎರಡು ಗಂಟೆ ನನ್ನ ಜೊತೆ ಕಳೆದಿರಿ. ಚಾಸಿಯ ಪೈಪುಗಳನ್ನು ಅಳತೆಗೆ ಹಿಡಿದಿಡುವ ಚೌಕಟ್ಟು, ಜಿಗ್, ತೋರಿಸಿದಿರಿ. ವೆಲ್ಡಿಂಗ್ ಮಾಡುತ್ತಿದ್ದ ಹುಡುಗನನ್ನು ಕರೆದು ನಿಲ್ಲಿಸಿ, ಪೈಪು ಪೈಪು ಕೂಡುವ ಜಾಗಕ್ಕೆ ಟಾರ್ಚ್ ಹಿಡಿದು ತೋರಿಸಿದಿರಿ. ಪುಟ್ಟಪುಟ್ಟ ನಾಣ್ಯಗಳನ್ನು ಒಂದರ ಮೇಲೊಂದು ಒರಗಿಸಿಟ್ಟ ಹಾಗಿತ್ತು ಆ ವೆಲ್ಡಿಂಗ್. ಬಿರುಕು ಬಿಟ್ಟ ಮಗ್ಗಿನಲ್ಲಿ ಟೀ ಕೊಟ್ಟಿರಿ. ಮೋಸ ಮಾಡುವ ಮನುಷ್ಯ ಹೀಗಿರಲ್ಲ ಅಂದುಕೊಂಡೆ. ಈಗಲೂ ಹಾಗೇ ಅಂದುಕೊಂಡಿದ್ದೇನೆ, ಅದಕ್ಕೇ ಈ ಪತ್ರ ಬರೆಯೋದು ಕಷ್ಟ.

ಕಿಟ್ಟಿನ ಬೆಲೆ 6,850 ಪೌಂಡ್. ಅರ್ಧ ಮುಂಗಡ, ಹತ್ತು ವಾರದಲ್ಲಿ ಸಾಮಾನು. ಕಾರ್ಡ್ ತಗೊಳ್ಳಲ್ಲ, ಬ್ಯಾಂಕಿಗೇ ಹಾಕಿ ಅಂದಿರಿ. ಹಾಕಿದೆ. ಡೋನರ್‌ಗೆ ಒಂದು ಹಳೇ ಮಾಜ್ದಾ ಎಂಎಕ್ಸ್-5 ಕೊಂಡೆ, ಎರಡೂ ಕಡೆ ಬಾಗಿಲ ಕೆಳಗಿನ ಸಿಲ್ ತುಕ್ಕು ಹಿಡಿದು ಉದುರುತ್ತಿತ್ತು, ಎಂಜಿನ್ ಮಾತ್ರ ಗಟ್ಟಿಮುಟ್ಟು. ಬಿಚ್ಚಿ, ತೊಳೆದು, ಒಂದೊಂದು ನಟ್ಟನ್ನೂ ಹೆಸರು ಬರೆದ ಕವರಿಗೆ ಹಾಕಿಟ್ಟೆ. ಹತ್ತು ವಾರ ಹೋಯಿತು, ಇಪ್ಪತ್ತು ಹೋಯಿತು. ಡಿಸೆಂಬರಿನಲ್ಲಿ ಫೋನ್ ಮಾಡಿ ಎಲ್ಲ ರೆಡಿ, ಬಾಕಿ ಕಳಿಸಿದರೆ ಚಾಸಿ, ಬಾಡಿ ಒಂದೇ ಗಾಡಿಯಲ್ಲಿ ಬರುತ್ತೆ ಅಂದಿರಿ. ಕಳಿಸಿದೆ. ಊರಲ್ಲಿ ಅಮ್ಮನಿಗೆ ರೂಪಾಯಿ ಲೆಕ್ಕದಲ್ಲಿ ಎಷ್ಟಾಯಿತು ಅಂತ ಇವತ್ತಿಗೂ ಹೇಳಿಲ್ಲ.

ಜನವರಿಯಲ್ಲಿ ಚಾಸಿ ಒಂದೇ ಬಂತು.

ಆ ಶನಿವಾರ ಗ್ಯಾರೇಜಿನಲ್ಲಿ ಉಸಿರು ಬಿಟ್ಟರೆ ಹೊಗೆ. ಮುಂದಿನ ಎಡಗಡೆ ಕೆಳಗಿನ ವಿಶ್‌ಬೋನ್, ಅಂದರೆ ಚಕ್ರವನ್ನು ಚಾಸಿಗೆ ಹಿಡಿದಿಡುವ ತೋಳು, ಕೂರಿಸೋಕೆ ಹೋದೆ. ಬೋಲ್ಟು ಒಂದು ಬ್ರಾಕೆಟ್ಟಿನಲ್ಲಿ ತೂರಿತು, ಇನ್ನೊಂದರಲ್ಲಿ ಇಲ್ಲ. ತೂತಿನೊಳಗೆ ಪೌಡರ್ ಕೋಟಿಂಗ್ ಕಟ್ಟಿಕೊಂಡಿರಬೇಕು ಅಂತ ಅರ ಹಾಕಿ ಉಜ್ಜಿದೆ. ಕರಿ ಪುಡಿ ಉದುರಿತು, ಬೋಲ್ಟು ತೂರಲಿಲ್ಲ. ಬೆಳಕು ಹಿಡಿದು ನೋಡಿದರೆ ತೂತಿಗೆ ತೂತೇ ಎದುರು ಬಂದಿಲ್ಲ, ಅರ್ಧಚಂದ್ರದ ಹಾಗೆ ಸ್ವಲ್ಪ ಮಾತ್ರ ಕಾಣುತ್ತಿದೆ.

ಹರಿಹರಕ್ಕೆ ವಿಡಿಯೋ ಕಾಲ್ ಮಾಡಿದೆ. ನಮ್ಮಪ್ಪ ಮೂವತ್ತು ವರ್ಷ ಲೇತ್ ಮುಂದೆ ನಿಂತವರು, ಟರ್ನರ್. ಫೋನನ್ನು ಚಾಸಿಯ ಸುತ್ತ ಒಂದು ಸುತ್ತು ತಿರುಗಿಸಿದೆ.

'ಮೂಲೆಮಟ್ಟ ನೋಡಿದೀಯೇನೋ?' ಅಂದರು. 'ಈ ಮೂಲೆಯಿಂದ ಆ ಮೂಲೆಗೆ ಟೇಪು ಹಿಡಿ. ಆಮೇಲೆ ಅಡ್ಡಡ್ಡ ಇನ್ನೆರಡು ಮೂಲೆಗೆ ಹಿಡಿ. ಎರಡೂ ಒಂದೇ ಬರಬೇಕು.'

ಹಿಡಿದೆ. ಏಳು ಮಿಲ್ಲಿಮೀಟರ್ ವ್ಯತ್ಯಾಸ.

ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, 'ಏಳಾ? ಇದು ಕಾರೋ, ಎತ್ತಿನ ಗಾಡಿನೋ?' ಅಂದರು. ಅವರೇ ತಿದ್ದಿಕೊಂಡರು. 'ಎತ್ತಿನ ಗಾಡಿಗೂ ನಮ್ಮ ಬಡಗಿ ಇಷ್ಟು ಬಿಡಲ್ಲ ಬಿಡು.'

ನನ್ನನ್ನು ಕೆರಳಿಸಿದ್ದು ಈ ಏಳು ಮಿಲ್ಲಿಮೀಟರ್ ಅಲ್ಲ, ಸ್ವಾಮಿ. ನಾಲ್ಕು ಜನರ ಶೆಡ್ಡು. ಒಬ್ಬ ಒಳ್ಳೆ ವೆಲ್ಡರ್ ಕೆಲಸ ಬಿಟ್ಟು ಹೋದರೆ ಚಾಸಿ ಸೊಟ್ಟ ಬರುತ್ತೆ. ಆಗುತ್ತೆ, ಒಪ್ಪುತ್ತೇನೆ. ಅವತ್ತೇ ಫೋಟೋ ತೆಗೆದು, ಟೇಪಿನ ಅಂಕಿ ಕಾಣುವ ಹಾಗೆ ಕಳಿಸಿದೆ. ಉತ್ತರ ಬಂದಿದ್ದು ಹತ್ತೊಂಬತ್ತು ದಿನಕ್ಕೆ, ಒಂದೇ ಸಾಲು. ಬೋಲ್ಟುಗಳನ್ನು ಸರಿಯಾದ ಕ್ರಮದಲ್ಲಿ ಬಿಗಿದಿದ್ದೀರಾ, ಬೇರೆ ಗಿರಾಕಿಗಳಿಗೆ ಈ ತೊಂದರೆ ಬಂದಿಲ್ಲ ಅಂತ.

ಅದು ಸುಳ್ಳು ಅಂತ ಗೊತ್ತಾಗಿದ್ದು ಮೇ ತಿಂಗಳಲ್ಲಿ, ಮತ್ತೆ ಸ್ಟೋನ್‌ಲಿಯಲ್ಲಿ, ಟೀ ಅಂಗಡಿಯ ಕ್ಯೂನಲ್ಲಿ. ನನ್ನ ಮುಂದೆ ನಿಂತಿದ್ದ ಅರವತ್ತರ ಹತ್ತಿರದ ಒಬ್ಬರು ಯಾವ ಕಿಟ್ ಕಟ್ಟುತ್ತಿದ್ದೀಯ ಅಂದರು. ಹೇಳಿದೆ. ಅವರ ಮುಖ ನೋಡಿಯೇ ಗೊತ್ತಾಯಿತು. ಅವರ ಚಾಸಿಯಲ್ಲೂ ಅದೇ ಎಡಗಡೆ ಬ್ರಾಕೆಟ್. ಹಾಗಾದರೆ ಇಷ್ಟು ದಿನ ಯಾಕೆ ಯಾರಿಗೂ ಹೇಳಲಿಲ್ಲ ಅಂತ ಕೇಳಿದೆ. ಅವರು ಸುತ್ತ ನೋಡಿ ದನಿ ತಗ್ಗಿಸಿದರು. 'ನನ್ನ ಬಾನೆಟ್ಟು, ಗೇರ್‌ಬಾಕ್ಸ್ ಟನಲ್ಲು ಇನ್ನೂ ಬಂದಿಲ್ಲ' ಅಂದರು.

ಒಂದು ಕೆಟ್ಟ ಕಿಟ್ ಕಂಪನಿ ಇಷ್ಟು ವರ್ಷ ಹೇಗೆ ನಡೆಯುತ್ತೆ ಅನ್ನುವ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿದ್ದು ಆ ಕ್ಯೂನಲ್ಲಿ. ಹಾಳಾದ ಸಾಮಾನು ಕೊಟ್ಟ ಅಂಗಡಿಯನ್ನು ಬೈಯೋಕೆ ನಮಗೆ ಭಯ ಇಲ್ಲ, ವ್ಯವಹಾರ ಮುಗಿದಿರುತ್ತೆ. ಕಿಟ್ ಕಂಪನಿ ಜೊತೆ ವ್ಯವಹಾರ ಮುಗಿಯೋದೇ ಇಲ್ಲ. ದುಡ್ಡು ಪೂರ್ತಿ ಹೋಗಿದೆ, ಸಾಮಾನು ಅರ್ಧ ಬಂದಿದೆ. ಬಾಯಿ ಬಿಟ್ಟರೆ ಮಿಕ್ಕಿದ್ದೂ ಬರಲ್ಲ. ನಿಮ್ಮ ಬಗ್ಗೆ ಚೆನ್ನಾಗಿ ಗೊತ್ತಿರುವವರೆಲ್ಲ ನಿಮ್ಮ ಕೈಯಲ್ಲಿ ಜುಟ್ಟು ಕೊಟ್ಟು ಕೂತವರು.

ಇದು ಚೀಟಿ ವ್ಯವಹಾರದ ಹಾಗೆ. ಈ ತಿಂಗಳು ಬಂದ ಮುಂಗಡದಲ್ಲಿ ಕಳೆದ ವರ್ಷದವನ ಚಾಸಿಗೆ ಪೈಪು ತರಬೇಕು. ಚೀಟಿಯಲ್ಲಾದರೂ ಯಾರ ಸರದಿ ಯಾವಾಗ ಅಂತ ಗೊತ್ತಿರುತ್ತೆ, ಇಲ್ಲಿ ಅದೂ ಇಲ್ಲ. ಚೀಟಿ ಮುಳುಗುತ್ತಿದೆ ಅಂತ ಒಳಗಿರುವವನು ಕೂಗಲ್ಲ, ಕೂಗಿದರೆ ಹೊಸಬರು ಸೇರಲ್ಲ, ತನ್ನ ಸರದಿಯ ದುಡ್ಡೂ ಹೋಗುತ್ತೆ. ನಿಮಗೆ ಒಬ್ಬೊಬ್ಬ ಹೊಸ ಗಿರಾಕಿ ಬಂದಾಗಲೂ ಹಳೆ ಗಿರಾಕಿಗಳು ಒಳಗೊಳಗೇ ಖುಷಿಪಡುತ್ತಾರೆ. ನಾನೂ ಪಟ್ಟಿದ್ದೇನೆ. ಹೇಳೋಕೆ ನಾಚಿಕೆಯಾಗುತ್ತೆ.

ಇನ್ನೊಂದು ಕಾರಣ ಮರ್ಯಾದೆಯದು. ಬ್ರಾಕೆಟ್ ಕೂರುತ್ತಿಲ್ಲ ಅಂದರೆ ಹಳಬರು ನಗುತ್ತಾರೆ. ಕಿಟ್ ಕಾರ್ ಅಂದರೆ ಹಾಗೇ ಅಪ್ಪಾ, ಅರ ಹಿಡಿಯೋಕೆ ಬರದವನು ಶೋರೂಮಿಗೆ ಹೋಗಬೇಕು ಅಂತಾರೆ. ಈ ಹೆಮ್ಮೆಯೇ ನಿಮಗೆ ಕಾವಲುಗಾರ. ತಪ್ಪು ಚಾಸಿಯದೋ ಕಟ್ಟುವವನ ಕೈಯದೋ ಅಂತ ಹೊರಗಿನವರಿಗೆ ಗೊತ್ತಾಗಲ್ಲ, ಕಟ್ಟುವವನಿಗೇ ಅರ್ಧ ಅನುಮಾನ ಇರುತ್ತೆ. ಕಟ್ಟಿ ಮುಗಿಸಿದವರೂ ಹೇಳಲ್ಲ, ಮಾರುವಾಗ ಬೆಲೆ ಬೀಳುತ್ತೆ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಬೇಸ್‌ಮೆಂಟ್ ಸೋರುವ ವಿಷಯವನ್ನು ಓನರ್‌ಗಳು ಹೊರಗೆ ಬಿಡಲ್ಲ, ಹಾಗೇ ಇದು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಈ ಪತ್ರ ಬರೆಯೋಕೆ ನಿಜವಾದ ಕಾರಣ ಅದೇ.

ನನ್ನ ಆಫೀಸಿನಲ್ಲಿ ಮಂಗಳೂರಿನ ಗೆಳೆಯ ಒಬ್ಬನಿದ್ದಾನೆ. ಕಳೆದ ಮಾರ್ಚ್‌ನಲ್ಲಿ ಊಟಕ್ಕೆ ಕೂತಾಗ, 'ಹೇಗೆ ಮಾರಾಯ ಆ ಕಂಪನಿ? ನಾನೂ ಒಂದು ಬುಕ್ ಮಾಡುವಾ ಅಂತ ಉಂಟು' ಅಂದ. ಆಗ ನನ್ನ ಚಾಸಿ ಸೊಟ್ಟ ಇದ್ದು ಎರಡು ತಿಂಗಳಾಗಿತ್ತು. ಬಾಡಿ ಬಂದಿರಲಿಲ್ಲ. ನಾನು ಹೇಳಿದ್ದು ಇಷ್ಟು: 'ಸ್ವಲ್ಪ ಲೇಟ್ ಮಾಡ್ತಾರೆ, ಪರವಾಗಿಲ್ಲ.'

ಅವನು 2,000 ಪೌಂಡ್ ಕಟ್ಟಿದ. ಇವತ್ತಿಗೆ ಒಂದು ಬೋಲ್ಟೂ ಬಂದಿಲ್ಲ. ಅವನು ನನ್ನನ್ನು ಬೈಯಲಿಲ್ಲ. ಬ್ರಾಕೆಟ್ಟಿನ ಫೋಟೋ ಒಂದು ದಿನ ತೋರಿಸಿದಾಗ ತಾರೀಖು ನೋಡಿ, 'ನಿನಗೆ ಆಗಲೇ ಗೊತ್ತಿತ್ತಲ್ಲ ಮಾರಾಯ' ಅಂದ. ಅಷ್ಟೇ. ಈಗಲೂ ಒಟ್ಟಿಗೆ ಊಟಕ್ಕೆ ಕೂರುತ್ತೇವೆ. ಕಾರಿನ ಮಾತು ಮಾತ್ರ ಇಬ್ಬರೂ ಎತ್ತಲ್ಲ.

ಯಾಕೆ ಹಾಗಂದೆ? ನನ್ನ ಬಾಡಿ ನಿಮ್ಮ ಹತ್ತಿರ ಇತ್ತು, ಅದಕ್ಕೆ. ಏಳು ಸಾವಿರ ಪೌಂಡ್ ಹಾಕಿ ಮೋಸ ಹೋದೆ ಅಂತ ಒಪ್ಪಿಕೊಳ್ಳೋಕೆ ಮನಸ್ಸು ಬರಲಿಲ್ಲ, ಅದಕ್ಕೂ. ಕ್ಯೂನಲ್ಲಿ ನಿಂತಿದ್ದ ಆ ಹಿರಿಯರ ಮೇಲೆ ನಾನು ಸಿಟ್ಟಾಗೋ ಹಾಗೇ ಇಲ್ಲ.

ಈ ದೇಶದಲ್ಲಿ ಕಾನೂನು ಇಲ್ಲ ಅಂತಲ್ಲ. 2015ರ ಗ್ರಾಹಕ ಹಕ್ಕುಗಳ ಕಾಯ್ದೆ ಪ್ರಕಾರ ಸಾಮಾನಿನಲ್ಲಿ ದೋಷ ಇದ್ದರೆ 30 ದಿನದೊಳಗೆ ವಾಪಸ್ ಮಾಡಿ ದುಡ್ಡು ಕೇಳಬಹುದು. ಅದು ದಾಟಿದರೆ ಅಂಗಡಿಯವನಿಗೆ ಒಂದು ಸಲ ರಿಪೇರಿಗೋ ಬದಲಿ ಕೊಡೋಕೋ ಅವಕಾಶ ಕೊಡಬೇಕು. ನಿಮ್ಮ ಒಂದು ಸಾಲಿನ ಉತ್ತರಕ್ಕೆ ಕಾದು ಕಾದೇ ನನ್ನ 30 ದಿನದಲ್ಲಿ ಮೂರರಲ್ಲಿ ಎರಡು ಪಾಲು ಕಳೆದುಹೋಯಿತು. ಮಿಕ್ಕ ಹನ್ನೊಂದು ದಿನ ನಾನು ಭಯದಲ್ಲಿ ಕಳೆದೆ, ಅದಕ್ಕೆ ನೀವು ಕಾರಣ ಅಲ್ಲ.

ಇನ್ನು ಕಾರ್ಡ್ ತಗೊಳ್ಳಲ್ಲ ಅಂದಿರಲ್ಲ, ಅದರ ಅರ್ಥ ಆಗ ತಿಳಿಯಲಿಲ್ಲ. 1974ರ ಇಲ್ಲಿನ ಸಾಲ ಕಾಯ್ದೆಯಲ್ಲಿ 75ನೇ ಸೆಕ್ಷನ್ ಅಂತ ಒಂದಿದೆ. ನೂರು ಪೌಂಡಿಗಿಂತ ಜಾಸ್ತಿ, ಮೂವತ್ತು ಸಾವಿರ ದಾಟದ ಬೆಲೆಯ ಸಾಮಾನಿಗೆ ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದರೆ, ಮಾರಿದವನ ಜೊತೆ ಕಾರ್ಡ್ ಕಂಪನಿಯೂ ಹೊಣೆ. ಮುಂಗಡದ ಒಂದು ಭಾಗ ಮಾತ್ರ ಕಾರ್ಡಿನಲ್ಲಿ ಕಟ್ಟಿದ್ದರೂ ಸಾಕು. ಬ್ಯಾಂಕಿಗೆ ನೇರ ಹಾಕಿದರೆ ಈ ಸೆಕ್ಷನ್ ಇಲ್ಲ. ಓದುತ್ತಿರುವ ಹುಡುಗರೇ, ಈ ಪತ್ರದಲ್ಲಿ ನಿಮಗೆ ಉಪಯೋಗ ಆಗುವ ಸಾಲು ಇದೇ. ಕಾರ್ಡ್ ಬೇಡ ಅನ್ನುವ ಕಿಟ್ ಕಂಪನಿಯ ಶೆಡ್ಡಿನಲ್ಲಿ ಟೀ ಕುಡಿದು ವಾಪಸ್ ಬನ್ನಿ.

ನಮ್ಮ ಕಡೆ ಫ್ಲಾಟ್ ಕೊಳ್ಳುವವರಿಗೆ ರೇರಾ ಇದೆ. ಕೊಳ್ಳುವವರ ದುಡ್ಡಿನಲ್ಲಿ 70 ಪರ್ಸೆಂಟ್ ಬೇರೆ ಖಾತೆಯಲ್ಲಿಟ್ಟು ಅದೇ ಪ್ರಾಜೆಕ್ಟಿಗೆ ಖರ್ಚು ಮಾಡಬೇಕು ಅಂತ ಕಾನೂನು. ಎಷ್ಟು ಜನ ಪಾಲಿಸುತ್ತಾರೆ ಅನ್ನೋದು ಬೇರೆ ಮಾತು. ಕಿಟ್ ಕಾರಿನ ಮುಂಗಡಕ್ಕೆ ಅಂಥದ್ದೇನೂ ಇಲ್ಲ. ಕಂಪನಿ ದಿವಾಳಿಯಾದರೆ ಮುಂಗಡ ಕಟ್ಟಿದವನು ದುಡ್ಡು ಬರಬೇಕಾದವರ ಸಾಲಿನಲ್ಲಿ ಹಿಂದೆ ನಿಲ್ಲುತ್ತಾನೆ. 2022ರಲ್ಲಿ ಸುಮಾರು 40 ವರ್ಷದ ಹೆಸರಾದ ವೆಸ್ಟ್‌ಫೀಲ್ಡ್ ಅನ್ನುವ ಕಿಟ್ ಕಂಪನಿ ಕೂಡ ದಿವಾಳಿಯ ಅಂಚಿಗೆ ಬಂದು ಆಡಳಿತಾಧಿಕಾರಿಗಳ ಕೈಗೆ ಹೋಯಿತು. ಅದರ ಕತೆಯೇ ಬೇರೆ, ನಿಮ್ಮ ಜೊತೆ ಸೇರಿಸುವುದಿಲ್ಲ. ಅಷ್ಟು ದೊಡ್ಡ ಹೆಸರಿಗೇ ಹಾಗಾದರೆ ನಾಲ್ಕು ಜನರ ಶೆಡ್ಡಿನ ಗತಿ ಏನು ಅಂತ ಯೋಚನೆ ಬರುತ್ತೆ, ಅಷ್ಟೇ. ಹಾಗಾದಾಗ ಬಾಡಿ ತಯಾರಿಸುವ ಅಚ್ಚು ಮಾರಾಟವಾಗುತ್ತೆ, ಜಿಗ್ ಮಾರಾಟವಾಗುತ್ತೆ, ಕಾರಿನ ಹೆಸರೂ ಮಾರಾಟವಾಗುತ್ತೆ. ನನ್ನ ಬಾನೆಟ್ಟಿನ ಬಾಕಿಯನ್ನು ಮಾತ್ರ ಯಾರೂ ಕೊಳ್ಳಲ್ಲ.

ಅದಕ್ಕಿಂತ ತುರ್ತಾಗಿ ನಿಮ್ಮಿಂದ ಬೇಕಿರೋದು ಒಂದು ಕಾಗದ. ಕಟ್ಟಿ ಮುಗಿಸಿದ ಕಾರು ರಸ್ತೆಗಿಳಿಯುವ ಮೊದಲು ಐವಿಎ ಅನ್ನುವ ಸರ್ಕಾರಿ ಪರೀಕ್ಷೆ ಪಾಸಾಗಬೇಕು. ಅದು ಸುಲಭದ್ದಲ್ಲ. 100 ಮಿಲ್ಲಿಮೀಟರ್ ವ್ಯಾಸದ ಗುಂಡು ಹೊರಗಿನಿಂದ ತಾಗುವ ಕಡೆಯೆಲ್ಲ ಅಂಚು ದುಂಡಗಿರಬೇಕು, ಕನಿಷ್ಠ ಎರಡೂವರೆ ಮಿಲ್ಲಿಮೀಟರ್ ತ್ರಿಜ್ಯ. ಅದಕ್ಕೆ ಎಲ್ಲರೂ ಬೋಲ್ಟಿನ ತಲೆಗೆಲ್ಲ ಪ್ಲಾಸ್ಟಿಕ್ ಟೋಪಿ ಹಾಕಿಕೊಂಡು ಹೋಗುತ್ತಾರೆ, ಕೆಲವರು ಪಾಸಾಗಿ ಮನೆಗೆ ಬಂದ ಸಂಜೆಯೇ ಕಿತ್ತು ಹಾಕುತ್ತಾರೆ. ಇರಲಿ. ಪಾಸಾದಮೇಲೆ ನಂಬರ್ ಕೊಡುವುದು ಡಿವಿಎಲ್‌ಎ, ನಮ್ಮ ಆರ್‌ಟಿಒ ಇದ್ದ ಹಾಗೆ. ಚಾಸಿ ಹೊಸದು, ಕಿಟ್ ಕಂಪನಿಯಿಂದ ಬಂದದ್ದು ಅಂತ ತೋರಿಸಬೇಕು. ಡೋನರ್ ಕಾರಿನ ಎರಡು ಮುಖ್ಯ ಭಾಗ ಇದ್ದರೆ ಅದರ ವಯಸ್ಸಿಗೆ ಹೊಂದುವ ನಂಬರ್ ಸಿಗುತ್ತೆ. ಕಾಗದ ಇಲ್ಲದಿದ್ದರೆ ಕ್ಯೂ ಅಕ್ಷರದಿಂದ ಶುರುವಾಗುವ ನಂಬರ್. ಈ ಗಾಡಿಯ ವಯಸ್ಸೋ ಗುರುತೋ ಗೊತ್ತಿಲ್ಲ ಅಂತ ಅದರ ಅರ್ಥ. ನಾನು ಒಂದೊಂದು ನಟ್ಟಿನ ಜಾತಕ ಬರೆದಿಟ್ಟ ಕಾರಿಗೆ ಅಪ್ಪ ಅಮ್ಮ ಗೊತ್ತಿಲ್ಲ ಅನ್ನುವ ಹಣೆಪಟ್ಟಿ.

ನೀವು ಕೊಟ್ಟ ರಸೀದಿಯಲ್ಲಿ 'ಕಿಟ್, ಒಂದು' ಅಂತ ಇದೆ. ಚಾಸಿ ನಂಬರ್ ಇಲ್ಲ. ಮೂರನೇ ಈಮೇಲಿನಿಂದ ಅದನ್ನೇ ಕೇಳುತ್ತಿದ್ದೇನೆ. ಅದಕ್ಕೆ ಪೈಪು ಬೇಡ, ರೆಸಿನ್ ಬೇಡ, ವೆಲ್ಡರ್ ಬೇಡ. ಒಂದು ಪೆನ್ನು ಸಾಕು.

ಇದೇ ದೇಶದಲ್ಲಿ ಚೆನ್ನಾಗಿ ನಡೆಸುವ ಸಣ್ಣ ಶೆಡ್ಡುಗಳಿವೆ. ಒಬ್ಬರ ಹತ್ತಿರ ಹೋಗಿದ್ದೆ. ಆರು ತಿಂಗಳು ಹೊಸ ಆರ್ಡರ್ ತಗೊಳ್ಳಲ್ಲ ಅಂತ ಬಾಗಿಲಿಗೇ ಕಾಗದ ಅಂಟಿಸಿದ್ದರು. ಚಾಸಿಗೆ ನಂಬರ್ ಹೊಡೆದು, ಆ ನಂಬರಿನ ಜೊತೆ ಗಿರಾಕಿಯ ಹೆಸರು ಬರೆದು ಫೋಟೋ ಕಳಿಸಿದಮೇಲೆ ಎರಡನೇ ಕಂತು ಕೇಳುತ್ತಾರೆ. ಬೆಲೆ ನಿಮಗಿಂತ 1,500 ಪೌಂಡ್ ಜಾಸ್ತಿ. ಮೊದಲು ನಾನು ಅವರನ್ನು ಬಿಟ್ಟು ನಿಮ್ಮ ಹತ್ತಿರ ಬಂದಿದ್ದು ಆ 1,500 ಪೌಂಡಿಗಾಗಿ. ನಿಮ್ಮ ಬೆಲೆಗೆ ಸರಿಯಾದ ಕಿಟ್ ಕೊಡೋಕೆ ಬಹುಶಃ ಆಗಲ್ಲ ಅಂತ ಈಗ ಅನ್ನಿಸುತ್ತೆ. ಅಗ್ಗ ಬೇಕು ಅಂತ ಬಂದವರಲ್ಲಿ ನಾನೂ ಒಬ್ಬ.

ಚಾಸಿ ನಾನೇ ಸರಿ ಮಾಡಿಸಿದೆ. ಡಡ್ಲಿ ಹತ್ತಿರ ಒಬ್ಬ ಹಳೆ ವೆಲ್ಡರ್ ಇದ್ದಾರೆ. ಬ್ರಾಕೆಟ್ ಕತ್ತರಿಸಿ, ಹೊಸದು ಕೂರಿಸಿ, ಮೂಲೆ ಮೂಲೆಗೆ ಟೇಪು ಹಿಡಿದು ಎರಡೂ ಒಂದೇ ಬಂದಮೇಲೆ ಬಿಟ್ಟರು. ಅಪ್ಪನಿಗೆ ಫೋಟೋ ಕಳಿಸಿದೆ. 'ಈ ಯಪ್ಪ ಕೆಲಸಗಾರ' ಅಂತ ಬಂತು. ಅದರ ಬಿಲ್ಲು 180 ಪೌಂಡ್, ಇದರ ಜೊತೆ ಇಟ್ಟಿದ್ದೇನೆ.

ಹೊಸದಾಗಿ ಬುಕ್ ಮಾಡೋಕೆ ಬರುವವರಿಗೆ ನನ್ನ ನಂಬರ್ ಕೊಡಬಹುದು ಅಂತ ಕಳೆದ ವರ್ಷ ಹೇಳಿದ್ದೆ. ಅದನ್ನು ವಾಪಸ್ ತಗೊಂಡಿದ್ದೇನೆ. ಯಾರಾದರೂ ಕೇಳಿದರೆ ಟೇಪಿನ ಫೋಟೋ ತಾರೀಖಿನ ಸಮೇತ ತೋರಿಸುತ್ತೇನೆ. ಇದನ್ನು ಓದಿದ ಮೇಲೆ ನನ್ನ ಬಾಡಿ ಕಳಿಸದಿದ್ದರೆ ಕಳಿಸಬೇಡಿ, ಅದಕ್ಕೂ ತಯಾರಾಗೇ ಬರೆದಿದ್ದೇನೆ.

ಮೊದಲು ನನ್ನ ಗೆಳೆಯನ 2,000 ಪೌಂಡ್ ವಾಪಸ್ ಮಾಡಿ. ಅವನ ಸಾಮಾನಿಗೆ ನೀವು ಇನ್ನೂ ಒಂದು ಪೈಪೂ ಕತ್ತರಿಸಿಲ್ಲ. ಆಮೇಲೆ ಚಾಸಿ ನಂಬರ್ ಇರುವ ರಸೀದಿ. ಆಮೇಲೆ ಬಾನೆಟ್ಟು, ಮೂಗು, ನಾಲ್ಕು ಮಡ್‌ಗಾರ್ಡ್, ಡಿಫರೆನ್ಷಿಯಲ್ ಕೂರಿಸುವ ಬ್ರಾಕೆಟ್ ಒಂದು ಜೊತೆ, ಸ್ಟೀರಿಂಗ್ ಕಾಲಂನ ಕೆಳಗಿನ ಜಾಯಿಂಟ್. ಶನಿವಾರ ಪೂರ್ತಿ ಗ್ಯಾರೇಜಿನಲ್ಲೇ ಇರುತ್ತೇನೆ. ಬಂದರೆ ಟೀ ಕೊಡುತ್ತೇನೆ.

ಇಂತಿ,
ನಿಮ್ಮ ಗಿರಾಕಿ